ಲೈವ್ ಲೊಕೇಶನ್‌ಗೆ ಐದು ಸ್ಟಾರ್, ಬ್ಯಾಟರಿ ಸೇವರ್‌ನಿಂದಾಗಿ ಫೋನಿಗೆ ಮೂರೇ

ಕ್ಯಾಮೆರಾ, ಸ್ಕ್ರೀನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯಲ್ಲ. ಫೋನ್ ತಗೊಂಡು ಎರಡು ವರ್ಷದ ಹತ್ತಿರ ಆಯಿತು. ಸೆಕೆಂಡ್ ಶಿಫ್ಟ್ ಮುಗಿಸಿ ದಾಸರಹಳ್ಳಿ ಮೆಟ್ರೊದಲ್ಲಿ ಇಳಿದು ಮನೆಗೆ ನಡೆಯುವಾಗ ಇದು ಕೈ ಹಿಡಿಯುತ್ತದಾ ಅನ್ನೋದಷ್ಟೇ ನನಗೆ ಮುಖ್ಯ.

ಸ್ಟೇಷನ್ ಮೆಟ್ಟಿಲಲ್ಲೇ ಅಕ್ಕನಿಗೆ ವಾಟ್ಸಾಪ್ ಲೈವ್ ಲೊಕೇಶನ್ ಹಾಕುತ್ತೇನೆ. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಇರುತ್ತದೆ. ನಾನು ಒತ್ತುವುದು 1 ಗಂಟೆ, ಯಾಕಂದರೆ ಹಾಲು, ಸೊಪ್ಪು ಅಂತ ನಿಂತರೆ 15 ನಿಮಿಷ ಎಲ್ಲಿಗೂ ಸಾಲಲ್ಲ. ಅಕ್ಕ ಅಡುಗೆ ಕಟ್ಟೆ ಮೇಲೆ ಡಬ್ಬಿಗೆ ಫೋನ್ ಒರಗಿಸಿಟ್ಟು, ಪಾತ್ರೆ ತೊಳೆಯುತ್ತಾ ನಾನು ಬರುವುದನ್ನು ಮ್ಯಾಪಲ್ಲಿ ನೋಡುತ್ತಿರುತ್ತಾಳೆ. ಸ್ವಲ್ಪ ಹೊತ್ತು ಒಂದೇ ಕಡೆ ನಿಂತರೆ ಸಾಕು, "ಯಾಕೆ ನಿಂತೆ?" ಅಂತ ಮೆಸೇಜ್ ಬರುತ್ತದೆ. ಅದೊಂದು ಮೆಸೇಜ್ ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ! ಮನೆ ಬೀಗ ತೆಗೆದ ತಕ್ಷಣ ಶೇರಿಂಗ್ ನಿಲ್ಲಿಸುತ್ತೇನೆ. ಯಾರು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅನ್ನೋದು ನನ್ನ ಕೈಯಲ್ಲೇ ಇರಬೇಕು. ದಿನವಿಡೀ ಹಾಕಿಡು ಅಂತ ಗಂಡನೇ ಒತ್ತಾಯ ಮಾಡಿದರೂ ಒಪ್ಪಬೇಡಿ.

ಈಗ ಸಿಟ್ಟಿನ ವಿಷಯ. ಚಾರ್ಜ್ ಕಡಿಮೆ ಆದರೆ ಈ ಫೋನ್ ತಾನೇ ಬ್ಯಾಟರಿ ಸೇವರ್ ಹಾಕಿಕೊಂಡು ಲೊಕೇಶನ್ ಕಳಿಸುವುದನ್ನೇ ನಿಲ್ಲಿಸುತ್ತದೆ. ನನಗೆ ಗೊತ್ತೇ ಆಗಲ್ಲ. ನಾನು ಆರಾಮಾಗಿ ನಡೆಯುತ್ತಿದ್ದರೂ ಅಕ್ಕನಿಗೆ ನಾನು ಯಾವುದೋ ಕತ್ತಲೆ ತಿರುವಿನಲ್ಲಿ ನಿಂತ ಹಾಗೆ ಕಾಣುತ್ತದೆ, ಒಮ್ಮೆಯಂತೂ ಗಾಬರಿಯಲ್ಲಿ ಭಾವನನ್ನೇ ಬೈಕ್ ಹತ್ತಿಸಿ ಕಳಿಸಿದ್ದಳು. ಬೆಳಗ್ಗೆಯಿಂದ ಬಳಸಿದ ಫೋನಿನ ಚಾರ್ಜ್ ಇಳಿಯುವುದೇ ರಾತ್ರಿ ಅಲ್ವಾ? ಬೇಕಾದ ಹೊತ್ತಲ್ಲೇ ಕೈಕೊಟ್ಟರೆ ಹೇಗೆ? ಸರ್ವಿಸ್ ಸೆಂಟರಿನಲ್ಲಿ ಅಪ್‌ಡೇಟ್ ಮಾಡಿ ಅಂದರು. ಮಾಡಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಸೆಟ್ಟಿಂಗ್ಸ್ ಹುಡುಕಿ ವಾಟ್ಸಾಪ್‌ಗೆ ಬ್ಯಾಟರಿ ಮಿತಿ ತೆಗೆದೆ. ಈಗ ಪರವಾಗಿಲ್ಲ, ಆದರೂ ಬ್ಯಾಗಲ್ಲಿ ಪವರ್ ಬ್ಯಾಂಕ್ ಇಲ್ಲದೆ ಹೊರಡಲ್ಲ.

ಎಸ್‌ಒಎಸ್, ಅಂದರೆ ಅಪಾಯದಲ್ಲಿ ಸಹಾಯ ಕರೆಯುವ ಸೌಲಭ್ಯ, ಚೆನ್ನಾಗಿದೆ. ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ. ಅಕ್ಕನಿಗೂ ಸುದ್ದಿ ಹೋಗಬೇಕಾದರೆ ಅವಳ ನಂಬರ್ ಮೊದಲೇ ಸೇರಿಸಿಡಬೇಕು, ಇದನ್ನು ಅಂಗಡಿಯವರು ಹೇಳಲೇ ಇಲ್ಲ. 2017ರಿಂದ ಹೊಸ ಫೋನಿಗೆಲ್ಲ ಹೀಗೆ ಸಹಾಯ ಕರೆಯುವ ಪ್ಯಾನಿಕ್ ಬಟನ್ ಕಡ್ಡಾಯ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವ ವ್ಯವಸ್ಥೆ. ನಿಮ್ಮ ಅಮ್ಮನ ಹತ್ತಿರ ಅಂಥ ಫೋನ್ ಇದ್ದರೆ ಇವತ್ತೇ ತೋರಿಸಿಕೊಡಿ.