ತೊಗರಿ ಮಾರಲು ಖರೀದಿ ಕೇಂದ್ರವೋ, ಅಡತಿ ಅಂಗಡಿಯೋ: ಎರಡೂ ಕಡೆ ಚೀಲ ಇಳಿಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಅಡತಿ ಅಂಗಡಿಯ, ಅಂದರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯ ಕಡೆಯವನು. 2025ರ ಸುಗ್ಗಿಯಲ್ಲಿ ಸರ್ಕಾರದ ಖರೀದಿ ಕೇಂದ್ರ ಕ್ವಿಂಟಲ್‌ಗೆ 750 ರೂಪಾಯಿ ಹೆಚ್ಚು ಕೊಟ್ಟಿತು, ಆದರೂ ಅಡತಿ ಕಡೆಯವನೇ. ನಿನಗೆ ಲೆಕ್ಕ ಬರುತ್ತದೋ ಇಲ್ಲವೋ ಎಂದು ಮನೆಯಲ್ಲೂ ಕೇಳಿದ್ದಾರೆ. ಬರುತ್ತದೆ. ಕೆಳಗೆ ಬರೆದಿದ್ದೇನೆ, ನೋಡಿಕೊಳ್ಳಿ.

ನಮ್ಮದು ಕಲಬುರಗಿ ಜಿಲ್ಲೆ. ಏಳು ಎಕರೆ ಎರೆ ಹೊಲ, ಮಳೆ ಬಂದರೆ ಬೆಳೆ. ಮುಂಗಾರಿಗೆ ತೊಗರಿ, ಸಾಲಿನ ನಡುವೆ ಹೆಸರುಕಾಳು. ಬೆಂಬಲ ಬೆಲೆ ಅಂದರೆ ಸರ್ಕಾರ ಸಾರುವ ಕನಿಷ್ಠ ಬೆಲೆ, ಖರೀದಿ ಕೇಂದ್ರ ಕೊಳ್ಳುವುದು ಆ ಬೆಲೆಗೆ; ಎಪಿಎಂಸಿ ಅಂದರೆ ಕಾಯ್ದೆಯಡಿ ನಡೆಯುವ ಕೃಷಿ ಮಾರುಕಟ್ಟೆ. ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ಸರ್ಕಾರ ಮಾರುಕಟ್ಟೆಗೆ ಕೈ ಹಾಕಲೇಬಾರದು ಅನ್ನುವ ಗೆಳೆಯರು ನನಗಿದ್ದಾರೆ, ಸರ್ಕಾರ ಇಲ್ಲದಿದ್ದರೆ ಸಾವ್ಕಾರ ರೈತನನ್ನು ಹಸಿಹಸಿಯೇ ನುಂಗುತ್ತಾನೆ ಅನ್ನುವವರೂ ಇದ್ದಾರೆ. ಇಬ್ಬರ ವಾದವೂ ಚೆನ್ನಾಗಿರುತ್ತದೆ. ತೊಗರಿ ಚೀಲಕ್ಕೆ ಹೆಗಲು ಕೊಟ್ಟವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ.

2024ರ ಜನವರಿಯ ಮಾತು ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು, ಎಲ್ಲ ಕಡೆ ಬರ. ನಮಗೆ ಆಗಿದ್ದು 17 ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ 7,000, ಅಡತಿಯಲ್ಲಿ ನನಗೆ ಕುದುರಿದ್ದು 9,400. ಬೆಳಿಗ್ಗೆ ಮಾಲು ಇಳಿಸಿದೆ, ಮಧ್ಯಾಹ್ನ ವ್ಯಾಪಾರಿಗಳು ಬೆಲೆ ಹಾಕಿದ ಟೆಂಡರ್ ತೆರೆಯಿತು, ಮೂರನೇ ದಿನ ರೊಕ್ಕ ಖಾತೆಗೆ ಬಂತು. ಖರೀದಿ ಕೇಂದ್ರದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

2025ರ ಜನವರಿ ಬೇರೆ. ಮಳೆ ಚೆನ್ನಾಗಿತ್ತು, ರಾಶಿ ಮುಗಿದಾಗ 26 ಕ್ವಿಂಟಲ್. ಅಡತಿಯಲ್ಲಿ ಬೆಲೆ 7,250ಕ್ಕೆ ಇಳಿದಿತ್ತು. ಬೆಂಬಲ ಬೆಲೆ 7,550, ರಾಜ್ಯ ಸರ್ಕಾರದ 450 ಸೇರಿ 8,000. ಈ ಸಲ ಕೇಂದ್ರಕ್ಕೇ ಹಾಕೋಣ ಎಂದು ನಿಶ್ಚಯಿಸಿ ಹೆಸರು ಬರೆಸಲು ಹೋದೆ.

ಕೌಂಟರಿನ ಹುಡುಗ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ನನ್ನ ರೈತ ನೋಂದಣಿ ನಂಬರು, ಒತ್ತಿ ಪರದೆ ನೋಡಿದ. "ಯಣ್ಣಾ, ನಿಮ್ಮದು ನಾಕೇ ಎಕರೆ ತೊಗರಿ ಅದ. ಉಳಿದ ಮೂರು ಎಕರೆ ಹೆಸರು ಅಂತ ಬಂದದ."

ಹೆಸರಿನ ಬೆಳೆ ಇದ್ದದ್ದು ನಿಜ. ಇಡೀ ಹೋಲಿಕೆ ನಿಂತಿರುವುದೇ ಈ ಸಿಕ್ಕಿನ ಮೇಲೆ, ಅದಕ್ಕೆ ತುಸು ನಿಧಾನವಾಗಿ ಹೇಳುತ್ತೇನೆ. ಬೆಳೆ ಸಮೀಕ್ಷೆಗೆ ಜನ ಹೊಲಕ್ಕೆ ಬಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗುವುದು ಮುಂಗಾರಿನಲ್ಲಿ. ಆಗಸ್ಟ್‌ನಲ್ಲಿ ನಮ್ಮ ಹೊಲದಲ್ಲಿ ಎದ್ದು ಕಾಣುವುದು ಹೆಸರು, ತುಂಬಿದ ಕಾಯಿ ಸಮೇತ. ತೊಗರಿ ಆಗ ಅದರ ನಡುವೆ ಸಣ್ಣ ಸಸಿ. ಫೋಟೊದಲ್ಲಿ ಬಿದ್ದದ್ದು ಹೆಸರು, ದಾಖಲಾದದ್ದೂ ಹೆಸರು. ಆ ಹೆಸರನ್ನು ಕಿತ್ತು, ಮಾರಿ, ಒಂದಿಷ್ಟು ಮನೆಯಲ್ಲಿ ಉಂಡು, ಅದರ ಹೊಟ್ಟು ಎತ್ತುಗಳಿಗೆ ಹಾಕಿ ಮುಗಿದು ಐದು ತಿಂಗಳಾಗಿತ್ತು. ಸರ್ಕಾರದ ಪುಸ್ತಕದಲ್ಲಿ ಮಾತ್ರ ನನ್ನ ಮೂರು ಎಕರೆಯಲ್ಲಿ ಜನವರಿಯಲ್ಲೂ ಹೆಸರೇ ನಿಂತಿತ್ತು.

ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು, ಸಮೀಕ್ಷೆಯ ದಾಖಲೆ ತೋರಿಸುವ ಬೆಳೆ ದರ್ಶಕ ಆಪ್‌ನಲ್ಲಿ ನೋಡಬಹುದು ಎಂದರು. ನೋಡಿದೆ. ಆಕ್ಷೇಪಣೆಯ ಗಡುವು ದಾಟಿ ಹೋಗಿತ್ತು. ಆರು ಸಲ ತಿರುಗಿದೆ: ಒಂದು ಕಚೇರಿಯಲ್ಲಿ "ಅಲ್ಲಿ ಕೇಳ್ರಿ" ಅಂದರು, ಅಲ್ಲಿ ಹೋದರೆ "ಇಲ್ಲಿ ಏನೂ ಮಾಡಂಗಿಲ್ರೀ, ಮ್ಯಾಲಿಂದ ಲಾಕ್ ಆಗ್ಯಾದ" ಅಂದರು. ಯಾರೂ ಲಂಚ ಕೇಳಲಿಲ್ಲ, ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಒಬ್ಬರಂತೂ ಚಹಾ ಕುಡಿಸಿದರು. ಬೈಯಲು ಒಬ್ಬ ಮನುಷ್ಯನೂ ಸಿಗದಿದ್ದದ್ದೇ ಹೊಟ್ಟೆ ಉರಿಸಿದ್ದು. ಅಡತಿ ಸಾವ್ಕಾರ ಮೋಸ ಮಾಡಿದರೆ ಅಂಗಡಿ ಮುಂದೆ ನಿಂತು ಜಗಳ ಆಡಬಹುದು, ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗಬಹುದು. ಇಲ್ಲಿ ಪಕ್ಕದ ಅಂಗಡಿ ಅನ್ನುವುದೇ ಇಲ್ಲ.

ಆ ಸಲ ಕೊಳ್ಳುವ ಮಿತಿ ಎಕರೆಗೆ 4 ಕ್ವಿಂಟಲ್, ಒಬ್ಬರಿಂದ ಹೆಚ್ಚೆಂದರೆ 40 ಇತ್ತು. ಹಾಗಾಗಿ ಕೇಂದ್ರಕ್ಕೆ ಹೋಗಬಹುದಾದದ್ದು 16 ಕ್ವಿಂಟಲ್ ಮಾತ್ರ. ಉಳಿದ 10 ಕ್ವಿಂಟಲ್ ಅದೇ ಹೊಲದ್ದು, ಅದೇ ಬೀಜದ್ದು, ಅದೇ ರಾಶಿಯದ್ದು. ಅದು 7,250ಕ್ಕೆ ಅಡತಿಗೆ ಹೋಯಿತು.

ಆ 16 ಕ್ವಿಂಟಲ್ ಆದರೂ ಸಲೀಸಾಗಿ ಹೋಯಿತೇ? ಮೊದಲ ದಿನ ತೇವಾಂಶ ಹೆಚ್ಚಿದೆ, ಕಸ ಇದೆ, ಜರಡಿ ಹಿಡಿದು ಒಣಗಿಸಿ ತನ್ನಿ ಎಂದು ಟ್ರ್ಯಾಕ್ಟರ್ ವಾಪಸ್ ಕಳಿಸಿದರು. ಮಾಲು ತುಸು ಹಸಿ ಇತ್ತು, ಸುಳ್ಳು ಹೇಳಲಾರೆ. ಅಡತಿಯಲ್ಲಾದರೆ ಅದೇ ಹಸಿ ಮಾಲಿಗೆ ನೂರೋ ನೂರೈವತ್ತೋ ಕಡಿಮೆ ಹೇಳುತ್ತಾನೆ, ಒಪ್ಪುವುದು ಬಿಡುವುದು ನನ್ನ ಕೈಲಿ. ಟೆಂಡರ್‌ನಲ್ಲಿ ಬಂದ ಬೆಲೆ ಮನಸ್ಸಿಗೆ ಬರದಿದ್ದರೆ "ಕೊಡಂಗಿಲ್ಲ" ಎಂದು ಲಾಟ್ ಉಳಿಸಿಕೊಂಡು ಮರುದಿನ ಮತ್ತೆ ಇಡುವ ಹಕ್ಕು ನನಗಿದೆ. ಎರಡು ಸಲ ಹಾಗೆ ಮಾಡಿದ್ದೇನೆ. ಒಂದು ಸಲ 80 ರೂಪಾಯಿ ಏರಿತು, ಒಂದು ಸಲ 50 ಇಳಿಯಿತು. ಇಳಿದ ದಿನವೂ ಬೇಸರವಾಗಲಿಲ್ಲ, ತಪ್ಪು ನನ್ನದೇ ಆಗಿತ್ತು. ಕೇಂದ್ರದಲ್ಲಿ ಬೆಲೆ ಬೋರ್ಡಿನ ಮೇಲಿದೆ, ಚೌಕಾಸಿ ಇಲ್ಲ, ಆದರೆ ಬೇಡ ಅನ್ನುವ ಮಾತು ಅವರದು ಮಾತ್ರ.

ರೊಕ್ಕ ಬಂದದ್ದು 58ನೇ ದಿನಕ್ಕೆ. ಮಾರ್ಚ್ ಒಳಗೆ ಸೊಸೈಟಿ ಸಾಲ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ಹೋಗುತ್ತದೆ ಎಂದು ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ 60,000 ಕೈಗಡ ತಂದೆ. ಸರ್ಕಾರಕ್ಕೆ ಮಾಲು ಕೊಟ್ಟು, ಸರ್ಕಾರದ ಸಾಲ ಕಟ್ಟಲು ಸಾವ್ಕಾರನ ಹತ್ತಿರ ಕೈ ಚಾಚಿದ್ದು. ಯಾವ ಸಾವ್ಕಾರ ಎಂದು ಕೇಳಬೇಡಿ, ಅದೇ ಅಡತಿಯವನು.

ಈಗ ಲೆಕ್ಕ. 16 ಕ್ವಿಂಟಲ್‌ಗೆ 750ರಂತೆ ಹೆಚ್ಚಿಗೆ ಬಂದದ್ದು 12,000. ಎರಡನೇ ಸಲದ ಟ್ರ್ಯಾಕ್ಟರ್ ಬಾಡಿಗೆ 2,500, ಜರಡಿ ಮತ್ತು ಹಮಾಲಿ 800, ತಿರುಗಾಟ 900, ಎರಡು ತಿಂಗಳ ಬಡ್ಡಿ 2,400. ಉಳಿದದ್ದು 5,400. ಕಡಿಮೆ ಅಲ್ಲ. ಸಾಲವಿಲ್ಲದ, ಕೈಯಲ್ಲಿ ನಾಲ್ಕು ಕಾಸಿರುವ ರೈತನಿಗೆ ಪೂರ್ತಿ 12,000ದ ಹತ್ತಿರವೇ ಉಳಿಯುತ್ತಿತ್ತು, ಅವನು ನನ್ನ ಮಾತು ಕೇಳಬಾರದು.

ಅಡತಿಯವನನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬಿಳಿ ಚೀಟಿ ಬರೆದುಕೊಟ್ಟು ಪಕ್ಕಾ ರಸೀದಿಗೆ ಸತಾಯಿಸುವುದು, ಸ್ಯಾಂಪಲ್ ಎಂದು ಬೊಗಸೆ ಬೊಗಸೆ ಎತ್ತುವುದು, ಮುಂಗಡ ಕೊಟ್ಟವನ ಅಂಗಡಿಗೇ ಮಾಲು ಹಾಕಬೇಕು ಅನ್ನುವ ಮುಲಾಜು, ಎಲ್ಲ ಉಂಟು.

ಇನ್ನು ಮೂರನೆಯ ದಾರಿಯೂ ಇದೆ, ಹೊಲದ ಬಾಗಿಲಿಗೇ ತೂಕದ ಯಂತ್ರ ತರುವ ವ್ಯಾಪಾರಿ. ಪೂರ್ತಿ ಸ್ವತಂತ್ರ ಮಾರುಕಟ್ಟೆ ಎಂದರೆ ಅದೇ: ಚೀಟಿ ಇಲ್ಲ, ಮಾರುಕಟ್ಟೆ ಸೆಸ್ ಇಲ್ಲ, ಸಮಿತಿ ಇಲ್ಲ, ರೊಕ್ಕ ಸ್ಥಳದಲ್ಲೇ. ಒಮ್ಮೆ ನಾಲ್ಕು ಚೀಲ ಕೊಟ್ಟೆ. ಮನೆಯ ತಕ್ಕಡಿಯಲ್ಲಿ ಮೊದಲೇ ತೂಗಿದ್ದೆ, ಅವನ ಯಂತ್ರದಲ್ಲಿ ಚೀಲಕ್ಕೆ ಎರಡು ಕಿಲೋ ಕಡಿಮೆ ಬಂತು. ಕೇಳಿದರೆ "ನಿಮ್ಮ ತಕ್ಕಡಿ ಹಳೇದಾಗ್ಯಾದ ಕಾಕಾ" ಅಂದ. ಅವತ್ತಿನಿಂದ ಆ ಗಾಡಿ ಕಂಡರೆ ನಾಯಿಯನ್ನು ಬಿಚ್ಚಿ ಬಿಡುತ್ತೇನೆ. ಹಾಗಾಗಿ ನಾನು ಮೆಚ್ಚುವ ಅಡತಿ ಅಂಗಡಿಯೂ ಸರ್ಕಾರದಿಂದ ಮುಕ್ತವಾದದ್ದಲ್ಲ. ಅದು 1966ರ ರಾಜ್ಯ ಕಾಯ್ದೆಯಡಿಯ ಎಪಿಎಂಸಿ ಯಾರ್ಡಿನೊಳಗೆ ಕೂತಿದೆ, ತೂಕ ಅಲ್ಲಿ ಹತ್ತು ಜನರ ಕಣ್ಣೆದುರು ನಡೆಯುತ್ತದೆ, ಟೆಂಡರ್ ಕಂಪ್ಯೂಟರಿನಲ್ಲಿ ಬೀಳುತ್ತದೆ. ಸರ್ಕಾರ ತಕ್ಕಡಿ ಕಾಯುವ ಕಡೆ ನನಗೆ ತಕರಾರಿಲ್ಲ, ತಾನೇ ಗಿರಾಕಿಯಾಗಿ ನಿಂತಾಗಲೇ ಈ ಫೋಟೊ, ಲಾಕು, ಗಡುವು ಎಲ್ಲ ಶುರುವಾಗುವುದು.

ಹೀಗೆ ಬರೆದರೂ ಒಂದು ವರ್ಷ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮರುವರ್ಷ ಕಂಡ ಕಂಡವರೆಲ್ಲ ತೊಗರಿ ಬಿತ್ತಿದರು. 2017ರ ಸುಗ್ಗಿಗೆ ಬೆಲೆ 5,050ರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿತ್ತು. ಆಗ ಅಪ್ಪ ಇದ್ದರು. ಮೂರು ರಾತ್ರಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಕೆಳಗೇ ಮಲಗಿ ಮಾರಿ ಬಂದರು. ಆ ಕೇಂದ್ರ ಇಲ್ಲದಿದ್ದರೆ ಅಕ್ಕನ ಮದುವೆ ಮುಂದೆ ಹೋಗುತ್ತಿತ್ತು. ಇದನ್ನು ಮುಚ್ಚಿಟ್ಟು ಮಾರುಕಟ್ಟೆಯೇ ದೇವರು ಅಂದರೆ ಅಪ್ಪನಿಗೆ ಮೋಸ.

ಆದರೆ ಆ ಬೆಲೆ ಬಿದ್ದದ್ದು ಬರೀ ಮಾರುಕಟ್ಟೆಯಿಂದಲೇ? 2006ರಿಂದ ಬೇಳೆಕಾಳು ರಫ್ತಿಗೆ ಸರ್ಕಾರವೇ ನಿಷೇಧ ಹಾಕಿತ್ತು. ತೊಗರಿ ಮೇಲಿನ ನಿಷೇಧ ತೆಗೆದದ್ದು 2017ರ ಸೆಪ್ಟೆಂಬರ್‌ನಲ್ಲಿ, ನಮ್ಮ ಮಾಲೆಲ್ಲ ಹೋಗಿ ಚೀಲ ಝಾಡಿಸಿದ ಮೇಲೆ. ಆಮೇಲೂ ಅದೇ ಕತೆ. 2021ರ ಮೇ ತಿಂಗಳಲ್ಲಿ ಆಮದು ಮುಕ್ತ ಮಾಡಿದರು, ಮೊಜಾಂಬಿಕ್ ಮತ್ತು ಮ್ಯಾನ್ಮಾರ್‌ನ ತೊಗರಿ ಹಡಗಿನಲ್ಲಿ ಬಂತು. 2025ರ ಸುಗ್ಗಿಯಲ್ಲಿ, ಬೆಲೆ ಇಳಿಯುತ್ತಿದ್ದಾಗಲೇ, ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿದರು. ಬೆಲೆ ಏರಿದರೆ ವ್ಯಾಪಾರಿಗೆ ದಾಸ್ತಾನು ಮಿತಿ, 2023ರ ಜೂನ್‌ನಲ್ಲಿ ಹಾಕಿದರು, 2024ರ ಜೂನ್‌ನಲ್ಲಿ ಮತ್ತೆ ಹಾಕಿದರು. ದಾಸ್ತಾನು ಇಡಲಾಗದವನು ಟೆಂಡರ್‌ನಲ್ಲಿ ಕೈ ಹಿಂದೆಳೆಯುತ್ತಾನೆ. ಒಂದು ಕೈಯಲ್ಲಿ 7,250ಕ್ಕೆ ಇಳಿಸಿ, ಇನ್ನೊಂದು ಕೈಯಲ್ಲಿ 8,000 ಕೊಡುತ್ತೇನೆ ಬಾ ಅನ್ನುವುದನ್ನು ನಾನು ಉಪಕಾರ ಎಂದು ಖಾತೆಗೆ ಬರೆದುಕೊಳ್ಳಲಾರೆ. ಪಟ್ಟಣದಲ್ಲಿ ಬೇಳೆ ಕೊಂಡು ಉಣ್ಣುವವರೂ ಮನುಷ್ಯರೇ, ಒಪ್ಪುತ್ತೇನೆ. ಅವರ ತಟ್ಟೆಯ ಖರ್ಚು ನನ್ನ ರಾಶಿಯಿಂದಲೇ ಏಕೆ ಮುರಿಯಬೇಕು ಅನ್ನುವುದಷ್ಟೇ ನನ್ನ ಕೇಳಿಕೆ.

ನನ್ನಂಥವನಿಗೆ, ಅಂದರೆ ಮಾರ್ಚ್ ಒಳಗೆ ಸಾಲ ಕಟ್ಟಬೇಕಾದವನಿಗೆ, ಕಚೇರಿ ಮುಂದೆ ನಿಂತರೆ ತಲೆ ಬಿಸಿಯಾಗುವವನಿಗೆ, ವ್ಯತ್ಯಾಸ ಕ್ವಿಂಟಲ್‌ಗೆ ಸಾವಿರ ದಾಟದಿದ್ದರೆ ಅಡತಿಯೇ ಸರಿ. ದಾಟಿದರೆ ಕೇಂದ್ರದ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. 2025-26ರ ಬೆಂಬಲ ಬೆಲೆ 8,000 ಎಂದು ಬಿತ್ತುವ ಹೊತ್ತಿಗೇ ಸಾರಿದ್ದರು, ಅಡತಿ ಬೆಲೆ ಏನಾಗುತ್ತದೋ ರಾಶಿ ಹೊತ್ತಿಗೇ ತಿಳಿಯಬೇಕಿತ್ತು. ಅದಕ್ಕೇ 2025ರ ಆಗಸ್ಟ್‌ನಲ್ಲಿ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಹೊಲಕ್ಕೆ ಬಂದಾಗ ನಾನೇ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಲ್ಲಿ ಹೆಸರಿನ ಗಿಡ ಸರಿಸಿ, ನಡುವೆ ಇದ್ದ ಗೇಣುದ್ದದ ತೊಗರಿ ಸಸಿ ತೋರಿಸಿ, "ಇದರದ್ದು ತೆಗಿ ತಮ್ಮಾ" ಅಂದೆ. ಏಳೂ ಎಕರೆಯಲ್ಲಿ ಹಾಗೇ ಕೂತೆ. ಮೊಣಕಾಲು ಇನ್ನೂ ಹಿಡಿದಿದೆ.