ನಾನೂರು ರೂಪಾಯಿಯ 'ಸಿದ್ದು' ಹಲಸು, ಒಳಗೆ ಬಿಳಿಚಿದ ಸೊಳೆ

ಐದರಲ್ಲಿ ಎರಡು ಸ್ಟಾರ್. ಒಂದು ಅವರ ಮೆಣಸಿನ ಬಳ್ಳಿಗೆ, ಇನ್ನೊಂದು ಮಳೆಯಲ್ಲಿ ನೆನೆಯುತ್ತಾ ಗಿಡಗಳನ್ನು ಜೀಪಿಗೆ ಏರಿಸಿಕೊಟ್ಟ ಹುಡುಗರಿಗೆ. ಹಲಸಿಗೆ ಸೊನ್ನೆ. ನರ್ಸರಿಯ ಹೆಸರು ಹಾಕುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ನರ್ಸರಿಗಳಿಗೇನು ಬರವೇ, ಅದರಲ್ಲಿ ಒಂದು ಅಂತ ಇಟ್ಟುಕೊಳ್ಳಿ.

2019ರ ಜೂನ್. ನಾನು ಹೋದದ್ದು ಪನ್ನಿಯೂರು-1 ತಳಿಯ ಕರಿಮೆಣಸಿನ ಬಳ್ಳಿ ತರಲಿಕ್ಕೆ. ಅಲ್ಲಿ ಬೋರ್ಡು ಕಂಡಿತು, 'ಸಿದ್ದು ಹಲಸು, ಕೆಂಪು ಸೊಳೆ'. ಮಾಮೂಲಿ ಕಸಿ ಗಿಡ ನೂರೈವತ್ತಕ್ಕೆ ಇತ್ತು, ಇದಕ್ಕೆ ನಾನೂರು. ತುಮಕೂರಿನಲ್ಲಿ ಷಡ್ಡಕನ ಮನೆಗೆ ಹೋದಾಗ ಆ ಹಣ್ಣು ತಿಂದಿದ್ದೆ. ಎರಡೂವರೆ ಕಿಲೋ ಆಸುಪಾಸಿನ ಸಣ್ಣ ಹಣ್ಣು, ತಾಮ್ರದ ಚೆಂಬಿನಂಥ ಕೆಂಪು ಸೊಳೆ. ಒಂದು ಮನೆಗೆ ಒಂದು ಹಣ್ಣು, ಮಿಕ್ಕುವುದೂ ಇಲ್ಲ, ಹಾಳಾಗುವುದೂ ಇಲ್ಲ. ನಾಲ್ಕು ಗಿಡ ಹಾಕಿ ಅಂದೆ.

ಗಿಡಕ್ಕೆ ಲೇಬಲ್ ಇರಲಿಲ್ಲ. ಕೇಳಿದೆ. "ಅಣ್ಣಾ, ಮಾಲು ಒರಿಜಿನಲ್ಲೇ, ಲೇಬಲ್ ಎಂತಕ್ಕೆ? ಲೇಬಲ್ ಇದ್ರೆ ನಿಮಗೇ ತೊಂದರೆ. ಗುಜರಾತಿನ ಬಟಾಟೆ ಕೇಸು ಪೇಪರಲ್ಲಿ ನೋಡ್ಲಿಲ್ವಾ?" ಅಂದರು. ನೋಡಿದ್ದೆ. ಚಿಪ್ಸ್ ಮಾಡುವ ಪೆಪ್ಸಿಕೋ ಕಂಪನಿ ತನ್ನ ನೋಂದಾಯಿತ ಬಟಾಟೆ ತಳಿ ಬೆಳೆದರು ಅಂತ ರೈತರ ಮೇಲೆ ಕೇಸು ಹಾಕಿ, ಕೆಲವರಿಂದ ಕೋಟಿಗಟ್ಟಲೆ ಪರಿಹಾರ ಕೇಳಿ, ದೇಶವೆಲ್ಲಾ ಬೈದ ಮೇಲೆ ಅದೇ ಮೇ ತಿಂಗಳಲ್ಲಿ ಕೇಸು ವಾಪಸು ತೆಗೆದುಕೊಂಡಿತ್ತು. ಸುದ್ದಿ ಇನ್ನೂ ಬಿಸಿಯಾಗಿತ್ತು. ನಾನೂ ಹೆದರಿದೆ, ಲೇಬಲ್ ಇಲ್ಲದ್ದೇ ಒಳ್ಳೆಯದಾಯಿತು ಅಂದುಕೊಂಡು ದುಡ್ಡು ಕೊಟ್ಟೆ. ಎಂಥ ಪೆದ್ದುತನ ಅಂತ ಈಗ ಅನಿಸುತ್ತದೆ.

ಗಿಡಗಳು ಆರೋಗ್ಯವಾಗಿದ್ದವು, ಅದನ್ನು ಇಲ್ಲ ಅನ್ನುವುದಿಲ್ಲ. ಮುರಕಲ್ಲಿನ ಗುಡ್ಡದಲ್ಲಿ ನಾಲ್ಕೂ ಬದುಕಿದವು. 2023ರಲ್ಲಿ ಒಂದೆರಡು ಮಿಡಿ ಬಿಟ್ಟು ಉದುರಿತು. ಮರುವರ್ಷ ಹಣ್ಣಾಯಿತು. ಒಂದೊಂದೂ ಎಂಟು ಕಿಲೋ! ಕೊಯ್ದು ನೋಡಿದರೆ ಬಿಳಿಚಿದ ಹಳದಿ ಸೊಳೆ. ಗಟ್ಟಿ ಸೊಳೆಯ ಬಕ್ಕೆಯೇ, ಮೆತ್ತಗಿನ ತುಳುವ ಅಲ್ಲ, ರುಚಿಯೂ ಪರವಾಗಿಲ್ಲ. ಆದರೆ ಸಿದ್ದು ಅಲ್ಲ. ಕಸಿಯ ಗಂಟಿನ ಕೆಳಗಿನ ಚಿಗುರೇ ಬೆಳೆದು ಮರವಾಯಿತೋ ಅಂತ ಅನುಮಾನ ಬಂತು, ಹಾಗೆ ಆಗುವುದುಂಟು, ಆಗ ತಪ್ಪು ನನ್ನದೇ. ಬಗ್ಗಿ ನೋಡಿದೆ. ಗಂಟು ಸರಿಯಾಗಿಯೇ ಇದೆ, ಕೊಂಬೆಯೆಲ್ಲ ಅದರ ಮೇಲಿನವೇ. ಅಂದರೆ ಕಸಿಕಡ್ಡಿಯೇ ಯಾವುದೋ ಮರದ್ದು.

ಹಣ್ಣು ಹಿಡಿದುಕೊಂಡು ನರ್ಸರಿಗೆ ಹೋದೆ. "ನಿಮ್ಮ ಮಣ್ಣಿನ ಗುಣ, ನಮ್ಮ ಮಳೆ ಜಾಸ್ತಿ ಅಲ್ವಾ" ಅಂದರು. ಮಳೆಗೆ ಸಿಹಿ ಕಮ್ಮಿಯಾಗಬಹುದು ಮಾರಾಯರೇ, ಎರಡೂವರೆ ಕಿಲೋದ ಹಣ್ಣು ಎಂಟು ಕಿಲೋ ಆಗುತ್ತದಾ? ಬೇಕಾದರೆ ವಿಯೆಟ್ನಾಂ ಸೂಪರ್ ಅರ್ಲಿ ಅನ್ನುವ ಇನ್ನೊಂದು ಹಲಸಿನ ತಳಿಯ ಎರಡು ಗಿಡ ಫ್ರೀ ಕೊಡುತ್ತೇವೆ ಅಂದರು. ಬೇಡ ಅಂದೆ. ಅದರ ಕಡ್ಡಿ ಎಲ್ಲಿಯದೋ ಯಾರಿಗೆ ಗೊತ್ತು.

ಆಮೇಲೆ ಕೂತು ಓದಿದೆ. ಸಿದ್ದು ತಾಯಿಮರ ಇರುವುದು ತುಮಕೂರು ಜಿಲ್ಲೆಯ ಚೇಳೂರಿನ ಒಬ್ಬ ರೈತರ ಜಮೀನಿನಲ್ಲಿ. ಅವರ ತಂದೆ ನೆಟ್ಟ ಮರ, ಹೆಸರೂ ತಂದೆಯದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿ ಮಾರಿತು, ಬಂದ ದುಡ್ಡಿನಲ್ಲಿ ಶೇ. 75 ರೈತರಿಗೆ, 25 ಸಂಸ್ಥೆಗೆ. ಇಂಥ ಒಪ್ಪಂದ, ಲೈಸೆನ್ಸ್ ಅಂದರೆ ಕಂಪನಿಯವರು ನಮ್ಮ ಕೈ ಕಟ್ಟುವ ಕಾಗದ ಅಂತಲೇ ನಾನು ತಿಳಿದಿದ್ದೆ. ಇಲ್ಲಿ ಲೇಬಲ್ ಹೇಳುವುದು ಇಷ್ಟೇ, ಈ ಕಡ್ಡಿ ಆ ಮರದಿಂದ ಬಂದದ್ದು, ಮರ ಇಟ್ಟುಕೊಂಡವನಿಗೆ ಪಾಲು ಹೋಗಿದೆ. ನನ್ನ ನಾನೂರರಲ್ಲಿ ಚೇಳೂರಿಗೆ ನಾಲ್ಕಾಣೆಯೂ ಹೋಗಲಿಲ್ಲ, ನನ್ನ ಗುಡ್ಡಕ್ಕೆ ಸಿದ್ದುವೂ ಬರಲಿಲ್ಲ.

ಆ ಬಟಾಟೆ ಹೆದರಿಕೆಯೂ ಪೊಳ್ಳು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ಅದರ ಸೆಕ್ಷನ್ 39 ನೋಡಿ. ನೋಂದಣಿಯಾದ ತಳಿಯೇ ಆದರೂ ರೈತ ಅದರ ಬೀಜ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಬೀಜ ಅಂದರೆ ಗಿಡವಾಗಬಲ್ಲ ಕಡ್ಡಿ, ಗೆಡ್ಡೆಯೂ ಸೇರಿತು. ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿ ಆ ತಳಿಯ ಹೆಸರಲ್ಲಿ ಮಾರುವ ಹಾಗಿಲ್ಲ, ಅಷ್ಟೇ. ನಮ್ಮೂರಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಜಾಸ್ತಿ ಭತ್ತದ ತಳಿ ಉಳಿಸಿ, ಕೇಳಿದವರಿಗೆ ಬೀಜ ಕೊಡುತ್ತಾ 2024ರಲ್ಲಿ ಪದ್ಮಶ್ರೀ ಪಡೆದರಲ್ಲ, ಹಂಚುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹೆಸರು ಮಾರಿ ಬೇರೆ ಮಾಲು ಕೊಡುವುದು ಹಂಚುವುದಲ್ಲ.

ಗ್ರಾಹಕರ ಕೋರ್ಟಿಗೆ ಹೋಗಬಹುದಿತ್ತು. ಕೆಟ್ಟ ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ನನ್ನ ಬಿಲ್ಲಿನಲ್ಲಿ ಮಲಯಾಳದಲ್ಲಿ ಬರೆದದ್ದು 'ಹಲಸು ಕಸಿ, 4' ಅಂತ ಮಾತ್ರ. ಸಿದ್ದು ಅನ್ನುವ ಅಕ್ಷರವೇ ಇಲ್ಲ. ಮೆಣಸಿಗೆ ಮಾತ್ರ 'ಪನ್ನಿಯೂರು-1' ಅಂತ ಚಂದ ಮಾಡಿ ಬರೆದಿದ್ದಾರೆ, ಅದು ಸರಿಯಾದದ್ದೇ ಬಂದಿದೆ ಕೂಡ. ನೀವು ಅಲ್ಲಿಗೆ ಹೋದರೆ ಮೆಣಸು ಧೈರ್ಯವಾಗಿ ತನ್ನಿ. ಹಣ್ಣಿನ ಗಿಡವಾದರೆ ತಳಿಯ ಹೆಸರು ಬಿಲ್ಲಿಗೆ ಬರೆಸಿ, ತಾಯಿಗಿಡ ತೋರಿಸಿ ಅನ್ನಿ. ಮುಖ ನೋಡಿದರೇ ಗೊತ್ತಾಗುತ್ತದೆ.

ಕಳೆದ ವರ್ಷ ಹೆಸರಘಟ್ಟದಿಂದಲೇ ಲೇಬಲ್ ಇರುವ ಎರಡು ಗಿಡ ತಂದಿದ್ದೇನೆ. ಹಣ್ಣಾದ ಮೇಲೆ ಅದಕ್ಕೂ ಸ್ಟಾರ್ ಕೊಡುತ್ತೇನೆ, ಈಗ ಸುಮ್ನೆ ಹೊಗಳುವುದಿಲ್ಲ. ಅವು ಕಡ್ಡಿ ತೆಗೆಯುವಷ್ಟು ಬಲಿತರೆ ಹಳೆಯ ನಾಲ್ಕರ ತಲೆ ಕಡಿದು ಮರುಕಸಿ ಕಟ್ಟಿಸುವ ಯೋಚನೆ ಇತ್ತು. ಅಮ್ಮ ಎರಡನ್ನು ಮುಟ್ಟಲು ಬಿಡುತ್ತಿಲ್ಲ. ಹಪ್ಪಳಕ್ಕೂ ಉಪ್ಪು ಸೊಳೆಗೂ ಇದಕ್ಕಿಂತ ಒಳ್ಳೆಯ ಕಾಯಿ ಗುಡ್ಡದಲ್ಲೇ ಇಲ್ಲವಂತೆ.