ಫ್ರಾಂಕ್‌ಫರ್ಟೋ, ಶಾರ್ಜಾವೋ?

ಪರದೇಶದಲ್ಲಿದ್ದುಕೊಂಡು ವರ್ಷಕ್ಕೆ ಒಂದೇ ಪುಸ್ತಕ ಮೇಳಕ್ಕೆ ರಜೆ ಹೊಂದಿಸಲು ಆಗುವುದಾದರೆ, ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಹೋಗುವುದು ನೋಡಲಿಕ್ಕೋ, ಕೊಳ್ಳಲಿಕ್ಕೋ?

ಅಕ್ಟೋಬರಿನ ಫ್ರಾಂಕ್‌ಫರ್ಟ್ ಮೇಳ ಈಗಿನ ರೂಪದಲ್ಲಿ ಶುರುವಾದದ್ದು 1949ರಲ್ಲಿ. ಇದು ಮೂಲತಃ ಪ್ರಕಾಶಕರ ಸಂತೆ. ಅಲ್ಲಿ ಬಿಕರಿಯಾಗುವುದು ಪುಸ್ತಕಕ್ಕಿಂತ ಹೆಚ್ಚಾಗಿ ಅನುವಾದದ ಹಕ್ಕು. ಸಾಲು ಸಾಲು ಪುಟ್ಟ ಮೇಜು, ಎದುರುಬದುರು ಇಬ್ಬರು, ಅರ್ಧ ಗಂಟೆಗೊಂದು ಭೇಟಿ. ಸಾಮಾನ್ಯ ಓದುಗರಿಗೆ ಬಾಗಿಲು ತೆರೆಯುವುದು ವಾರಾಂತ್ಯದ ಹೊತ್ತಿಗೆ, ಅದೂ ಟಿಕೆಟ್ ಕೊಂಡು. ಹಾಗಂತ ಕಡೆಗಣಿಸುವಂತಿಲ್ಲ. ಪ್ರತಿ ವರ್ಷ ಒಂದು ದೇಶ ಅಥವಾ ಪ್ರದೇಶ ಗೌರವ ಅತಿಥಿ. 1986 ಮತ್ತು 2006ರಲ್ಲಿ ಆ ಸರದಿ ಭಾರತದ್ದಾಗಿತ್ತು. ಅನುವಾದದ ಹುಚ್ಚಿರುವವರು ಒಮ್ಮೆ ನೋಡಲೇಬೇಕು. ಒಮ್ಮೆ ಸಾಕು.

ಶಾರ್ಜಾದ್ದು ಬೇರೆಯೇ ಲೋಕ. 1982ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಹತ್ತು ದಿನಕ್ಕೂ ಹೆಚ್ಚು. ಪ್ರವೇಶ ಉಚಿತ. ಮಕ್ಕಳನ್ನು ಕಟ್ಟಿಕೊಂಡು ಬಂದವರು ತರಕಾರಿ ತುಂಬುವ ಹಾಗೆ ಟ್ರಾಲಿಗೆ ಪುಸ್ತಕ ತುಂಬುತ್ತಾರೆ. ಭಾರತದ ಪ್ರಕಾಶಕರಿರುತ್ತಾರೆ, ಅದರಲ್ಲೂ ಮಲಯಾಳಂನವರ ಅಬ್ಬರ ಜೋರು (ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ). ಕನ್ನಡ ಪುಸ್ತಕ ಸಿಕ್ಕೇ ಸಿಗುತ್ತದೆಂದು ಹೊರಡಬೇಡಿ. ಆ ವರ್ಷದ ಮಳಿಗೆಗಳ ಪಟ್ಟಿ ನೋಡಿಕೊಂಡು ಪ್ರಯಾಣದ ಟಿಕೆಟ್ ಮಾಡಿಸಿ. ಶುಕ್ರವಾರ ಸಂಜೆಯ ನೂಕುನುಗ್ಗಲು ತಪ್ಪಿಸಿ, ವಾರದ ನಡುವಿನ ಬೆಳಿಗ್ಗೆ ಹೋದರೆ ನಿಂತು ನಾಲ್ಕು ಪುಟ ಓದಬಹುದು.

ಬರೀ ಓದುಗರಾದರೆ ನನ್ನ ವೋಟು ಶಾರ್ಜಾಕ್ಕೇ. ಹೋಗುವಾಗ ಮಾತ್ರ ಸೂಟ್‌ಕೇಸ್ ಅರ್ಧ ಖಾಲಿ ಇರಲಿ.